ತಗ್ಗಿನ ಮೂಲೆಯ ನೀಲಿ ಹೂವು

“ಸ್ಟಾಪ್! ಪ್ಲೀಸ್, ಸ್ಟಾಪ್!”

ಹಿಂದಿನಿಂದ ಬಂದ ಕೂಗಿಗೆ ಬೆಚ್ಚಿ ಹಂಸಾಳ ಕೈಯಲ್ಲಿದ್ದ ಕತ್ತರಿ ಹುಲ್ಲಿನೊಳಗೆ ಜಾರಿಬಿತ್ತು.

ತಿರುಗಿ ನೋಡಿದರೆ, ಸೊಂಟದೆತ್ತರದ ಹುಲ್ಲನ್ನು ಸೀಳಿಕೊಂಡು ಒಬ್ಬ ಗಂಡಸು ಅವಳತ್ತಲೇ ಓಡಿ ಬರುತ್ತಿದ್ದ. ತಲೆಗೆ ಅಗಲವಾದ ಟೋಪಿ, ಮಣ್ಣು ಮೆತ್ತಿದ ಬೂಟು, ಹೆಗಲಿಗೊಂದು ಚೀಲ...

“ಅಯ್ಯೋ ದೇವರೇ, ಇದ್ಯಾರಪ್ಪಾ!” ಮಾತು ಅವಳ ಬಾಯಿಂದ ತಾನಾಗಿ ಹೊರಟಿತು.

ಓಡಿ ಬರುತ್ತಿದ್ದವನು ತಟಕ್ಕನೆ ನಿಂತ.

“ಕನ್ನಡದವರೇನ್ರೀ?”

“ಹೌದು... ನೀವು?”

“ನಾನೂ ಕನ್ನಡದಾವ್ನ. ಶ್ರೀಶೈಲ್ ಅಂತ. ವಿಜಾಪುರದ ಕಡೆ.” ಅವನು ಏದುಸಿರು ಬಿಡುತ್ತಲೇ ಕೈ ಚಾಚಿ ಅವಳ ಬುಟ್ಟಿ ತೋರಿಸಿದ. “ಮೊದಲು ಆ ಹೂ ಕೊಯ್ಯೂದು ನಿಲ್ಲಸ್ರಿ!”

ಹಂಸಾಳಿಗೆ ಸಿಟ್ಟು ನೆತ್ತಿಗೇರಿತು.

ಮರುದಿನ ವರಮಹಾಲಕ್ಷ್ಮಿ ಹಬ್ಬ. ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಿಂದ ಹೊರಟು, ದಾರಿಯುದ್ದಕ್ಕೂ ಟ್ರಾಫಿಕ್ಕಿನಲ್ಲಿ ಬೆಂದು, ಡಾಲಸ್ ಆಚೆಯ ಲಿಟಲ್ ಎಲ್ಮ್‌ನಲ್ಲಿದ್ದ ಚಿಕ್ಕಮ್ಮನ ಮನೆಗೆ ಅವಳು ಬಂದು ಇಳಿದು ಇನ್ನೂ ದಣಿವು ಆರಿರಲಿಲ್ಲ. ಮನೆಯ ಹಿಂದಿನ ಬಯಲಿನಲ್ಲಿ ರೇಷ್ಮೆಯಲ್ಲಿ ಹೊಲಿದ ಬಟ್ಟಲುಗಳಂತೆ ನೀಲಿ-ನೇರಳೆ ಹೂಗಳು ಅರಳಿ ನಿಂತಿದ್ದವು. ಅಂಗಡಿಯ ಪ್ಲಾಸ್ಟಿಕ್ ಸುತ್ತಿದ ಗುಲಾಬಿಗಿಂತ ಲಕ್ಷ್ಮಿಗೆ ಇವೇ ಚೆಂದ ಎನಿಸಿ ಬುಟ್ಟಿ ಹಿಡಿದು ಬಂದಿದ್ದಳು. ಅಷ್ಟಕ್ಕೆ ಈ ಮನುಷ್ಯ ಕಳ್ಳಿಯನ್ನು ಹಿಡಿದಂತೆ ಆಡುತ್ತಿದ್ದಾನಲ್ಲ!

“ಕಾಡು ಹೂವು ತಾನೇ? ಯಾರ ತೋಟದ್ದೂ ಅಲ್ವಲ್ಲ? ದೇವರಿಗೆ ಅಂತ ಕುಯ್ತಾ ಇದೀನಿ.”

“ಕಾಡು ಹೂ ಅಂತನ ಹೇಳ್ಲಿಕ್ಹತ್ತೀನ್ರಿ. ಇದು ಬ್ಲೂಬೆಲ್.”

“ಗೊತ್ತು. ಮಾರ್ಚ್ ಬಂದ್ರೆ ಹೈವೇ ಪಕ್ಕ ಎಲ್ಲಾ ಕಡೆ ಇರುತ್ತೆ.”

“ಅದು ಬ್ಲೂಬಾನೆಟ್! ಅದು ಬ್ಯಾರೆ, ಇದು ಬ್ಯಾರೆ. ಒಂದು ಕಾಲಕ್ಕ ಇದೂ ಈ ಹುಲ್ಲುಗಾವಲದಾಗ ಎಲ್ಲಾ ಕಡೆ ಇತ್ತಂತ. ಚೆಂದ ಅದ ಅಂತ ಜನ ಕೊಯ್ಕೋತ ಹ್ವಾದ್ರು. ಬೀಜ ಉದುರಲಿಲ್ಲ. ಹೊಸ ಗಿಡ ಹುಟ್ಟಲಿಲ್ಲ. ಈ ಸುತ್ತಿನಾಗ ನನಗ ಗೊತ್ತಿದ್ದಂಗ ಉಳಿದದ್ದು ಈ ತಗ್ಗಿನಾಗಷ್ಟ.”

ಅವನು ಬುಟ್ಟಿಯಿಂದ ಒಂದು ಕಡ್ಡಿಯನ್ನು ಮೆಲ್ಲಗೆ ಎತ್ತಿಕೊಂಡ. ಹೂವಿನ ಕೆಳಗೆ ಹಸಿರು ಕಾಯೊಂದು ಆಗಷ್ಟೇ ಉಬ್ಬುತ್ತಿತ್ತು.

“ಇದರೊಳಗ ನೂರಾರು ಬೀಜ ಬಲೀತಿದ್ವು. ಇನ್ನ ಹಸಿ ಅದ. ಇನ್ನ ಉಪಯೋಗಿಲ್ಲ...”

ಅವನ ದನಿ ತಗ್ಗಿತು. ಹಂಸಾ ಅವನ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಅವಳ ಕೋಪ ಅಲ್ಲೇ ಕರಗಿತು.

“ನನಗೆ ಗೊತ್ತಿರ್ಲಿಲ್ಲ... ಸಾರಿ.”

“ನಾನೂ ಹಂಗ ಒದರಬಾರದಿತ್ತು. ಹೆದರಿಸಿಬಿಟ್ಟೆ.” ಅವನು ಬಗ್ಗಿ ಹುಲ್ಲಿನಲ್ಲಿ ತಡಕಾಡಿ ಕತ್ತರಿ ಹುಡುಕಿ, ತೋಳಿಗೆ ಒರೆಸಿ, ಹಿಡಿಯ ಕಡೆಯನ್ನು ಅವಳತ್ತ ಮಾಡಿ ಕೊಟ್ಟ. “ಕೊಯ್ದದ್ದು ಕೊಯ್ದಾಯ್ತು. ದೇವರಿಗೆ ಅಂದ್ರಿ, ದೇವರಿಗೇ ಹೋಗಲಿ.”

ಅವನು ಹೋದ ಮೇಲೂ ಹಂಸಾ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದಳು. ‘ಒಂದು ಹೂವಿಗೆ ಇಷ್ಟು ಮರುಗುವ ಮನುಷ್ಯನೂ ಇರ್ತಾನಾ?’

*

ಚಿಕ್ಕಮ್ಮ ವಿದ್ಯಾವತಿ ನಿವೃತ್ತ ಮಕ್ಕಳ ಡಾಕ್ಟರ್. ಟೆಕ್ಸಸ್ಸಿಗೆ ಬಂದು ಅರ್ಧ ಆಯಸ್ಸು ಕಳೆದರೂ ಮೈಸೂರಿನ ಮಾತು ಬಿಟ್ಟವರಲ್ಲ. ನಡೆದದ್ದನ್ನು ಕೇಳಿ ಅವರು ಹಣೆ ಚಚ್ಚಿಕೊಂಡರು.

“ಕನ್ನಡದ ಹುಡುಗ, ಹಬ್ಬದ ಹಿಂದಿನ ದಿನ ಮನೆ ಹಿಂದೇನೇ ಸಿಕ್ಕಿದಾನೆ! ಊಟಕ್ಕೆ ಕರೀಬಾರದಿತ್ತೇನೇ?”

“ಚಿಕ್ಕಮ್ಮಾ, ಅವರು ನನ್ನ ಬೈತಾ ಇದ್ರು!”

“ಬೈದ್ರೆ ಏನಾಯ್ತು? ಸರಿಯಾದ್ದಕ್ಕೇ ಬೈದಿದಾನೆ.”

ಮರುದಿನ ಪೂಜೆ ಮುಗಿಯುವ ಹೊತ್ತಿಗೆ ಅವನು ಮತ್ತೆ ಬಯಲಿನಲ್ಲಿ ಕಂಡ. ಚಿಕ್ಕಮ್ಮ ಹಿತ್ತಿಲಿನ ಬೇಲಿಯ ಮೇಲಿಂದಲೇ ಕೂಗಿ ಕರೆದರು. ಅವನು ಬೂಟನ್ನು ಹೊರಗೆ ಬಿಟ್ಟು, ಕೈಕಾಲು ತೊಳೆದು, ಸಂಕೋಚದಿಂದ ಒಳಗೆ ಬಂದ. ದೇವರ ಮುಂದೆ ತಟ್ಟೆ ತುಂಬ ಬ್ಲೂಬೆಲ್‌ಗಳಿದ್ದವು. ಅವನು ಕೈಮುಗಿದ.

ಹೋಳಿಗೆ ತಿಂದು ಮುಗಿಸಿ, ಅವನು ಚೀಲದಿಂದ ಕಾಗದದ ಕವರೊಂದನ್ನು ತೆಗೆದು ಹಂಸಾಳ ಮುಂದಿಟ್ಟ. ಒಳಗೆ ಕಂದು ಬಣ್ಣಕ್ಕೆ ಒಣಗಿ ಬಾಯಿ ಬಿಟ್ಟ ಕಾಯಿಗಳು.

“ಮೊದಲ ಅರಳಿ ಒಣಗಿದ್ವು. ಜಾಗದವರ ಪರ್ಮಿಷನ್ ತಗೊಂಡ ಆರಿಸಿದ್ದು. ನಿಮ್ಮ ಮನಿಯಾಗ ಬೆಳಸ್ರಿ.”

“ನಾನಾ? ನಮ್ಮನೇಲಿ ಕರಿಬೇವೂ ಬದುಕಲ್ಲ!”

“ಇದು ಕರಿಬೇವಿಗಿಂತ ಹಟಮಾರಿ. ಆದ್ರ ಒಬ್ಬಾವ ಬೆಳೆಸಿದ್ರ ಸಾಲಂಗಿಲ್ಲ. ಈ ಬಯಲು ಭಾಳ ದಿನ ಇರಂಗಿಲ್ರಿ. ಇಲ್ಲಿ ಮನಿ ಬರ್ತಾವ.”

“ನಿಮಗೆ ಹೇಗೆ ಗೊತ್ತು?”

ಅವನು ಕವರಿನ ಬಾಯಿ ಮಡಿಸಿದ. “ನಾ ಮಳೆನೀರಿನ ಎಂಜಿನಿಯರ್. ನೀರು ಎಲ್ಲಿ ಹರೀತದ, ಎಲ್ಲಿ ನಿಲ್ತದ ನೋಡೂದು ನನ್ನ ಕೆಲಸ. ಗೊತ್ತಾಗ್ತದ.”

ನಗರಸಭೆಯಲ್ಲಿ ಕೆಲಸವಿರಬೇಕು ಎಂದುಕೊಂಡಳು ಹಂಸಾ. ಅದನ್ನೇ ಬಾಯಿಬಿಟ್ಟು ಹೇಳಿದಳು ಕೂಡ.

ಅವನು ತಿದ್ದಲಿಲ್ಲ.

*

“ಇದು ಬೀಜನಾ, ಧೂಳಾ?”

ಸೆಪ್ಟೆಂಬರಿನ ಒಂದು ಶನಿವಾರ. ಫ್ಲೂಗರ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ಹಂಸಾ ಬಿಳಿ ಕಾಗದದ ಮೇಲೆ ಕಾಯಿಯೊಂದನ್ನು ತಟ್ಟಿ, ಫೋನಿನ ಕ್ಯಾಮೆರಾವನ್ನು ಅದರತ್ತ ತಿರುಗಿಸಿದ್ದಳು. ಗಸಗಸೆಗಿಂತ ಎಷ್ಟೋ ಸಣ್ಣ, ಕಪ್ಪು ಪುಡಿ.

“ಸೀನಬ್ಯಾಡ್ರಿ ಮತ್ತ! ಎಲ್ಲಾ ಹಾರಿ ಹೋಗ್ತಾವ!” ವಿಡಿಯೋದಲ್ಲಿ ಶ್ರೀಶೈಲ್ ನಕ್ಕ.

ಸ್ಟ್ರಾಬೆರಿ ಬರುವ ಪ್ಲಾಸ್ಟಿಕ್ ಡಬ್ಬಿಗಳನ್ನು ಅವಳು ತಿಂಗಳಿಂದ ಕೂಡಿಟ್ಟಿದ್ದಳು. ಅವುಗಳಲ್ಲಿ ಸಡಿಲ ಮಣ್ಣು ತುಂಬಿ ಒದ್ದೆ ಮಾಡಿಟ್ಟಾಗಿತ್ತು.

“ಈಗ ಉಪ್ಪು ಉದುರಿಸಿದಂಗ ಉದುರಸ್ರಿ. ಮ್ಯಾಲೆ ಮಣ್ಣು ಮುಚ್ಚಬ್ಯಾಡ್ರಿ. ಈ ಬೀಜಕ್ಕ ಬೆಳಕು ಬೇಕು, ಕತ್ತಲಾಗ ಹುಟ್ಟಂಗಿಲ್ಲ.”

“ನೀರು?”

“ಮ್ಯಾಲಿಂದ ಹಾಕಿದ್ರ ಕೊಚ್ಚಿ ಹೋಗ್ತಾವ. ಡಬ್ಬಿ ತಳದಾಗ ತೂತು ಅದಾವಲ್ಲ, ಹಂಗ ನೀರಿನ ತಟ್ಟಿಯಾಗ ಇಡ್ರಿ. ತಾವ ಕುಡೀತಾವ.”

ಹಂಸಾ ಒಂದು ವಿಮಾ ಕಂಪನಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಳು, ಮನೆಯಿಂದಲೇ. ಅವಳ ಮೇಜಿನ ಅರ್ಧಭಾಗವನ್ನು ಈಗ ಡಬ್ಬಿಗಳು ಮತ್ತು ಉದ್ದನೆಯ ಬಿಳಿ ಲೈಟು ಆಕ್ರಮಿಸಿದವು. ಮೀಟಿಂಗಿನ ನಡುವೆಯೂ ಕಣ್ಣು ಅತ್ತಲೇ ಓಡುತ್ತಿತ್ತು. ದಿನಗಳು ಕಳೆದವು. ಏನೂ ಇಲ್ಲ. ಬರೀ ಮಣ್ಣು.

‘ನನ್ನ ಕೈಯಲ್ಲಿ ಏನು ತಾನೇ ಉಳಿಯುತ್ತೆ...’

ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಗ್ಗಿ ನೋಡಿದವಳು ಕಿರುಚಿದಳು. ಮಣ್ಣಿನ ಮೇಲೆ ಸೂಜಿಮೊನೆಯಷ್ಟು ಹಸಿರು ಚುಕ್ಕಿಗಳು!

ಮೊದಲು ಫೋನ್ ಮಾಡಿದ್ದು ಅವನಿಗೆ.

“ಶ್ರೀಶೈಲ್! ಹುಟ್ಟಿದಾವೆ! ನಿಜವಾಗ್ಲೂ ಹುಟ್ಟಿದಾವೆ!”

“ನಿಂದರ್ರಿ, ನಾ ಇವತ್ತ ನಿಮ್ಮೂರ ಹತ್ರ ಜಾರ್ಜ್‌ಟೌನ್‌ನಾಗ ಕೆಲಸಕ್ಕ ಬಂದೀನಿ. ಸಂಜಿಮುಂದ ಬಂದು ನೋಡ್ತೀನಿ.”

ಅವತ್ತು ಬಂದವನು ಆಮೇಲೆ ಜಾರ್ಜ್‌ಟೌನಿನಲ್ಲಿ ಕೆಲಸ ಬಿದ್ದಾಗಲೆಲ್ಲ ಬಂದ. ಭೂತಗನ್ನಡಿ ಹಿಡಿದು ಸಸಿ ನೋಡುವನು. ಅವಳು ಮಾಡಿದ ಅವಲಕ್ಕಿಯನ್ನು ಮೂರು ಸಲ ಹಾಕಿಸಿಕೊಳ್ಳುವನು. ಹೋಗುವಾಗ ತಟ್ಟೆ ತೊಳೆದಿಟ್ಟು ಹೋಗುವನು. ಅವನ ಕಾರು ತಿರುಗುವವರೆಗೂ ಹಂಸಾ ಬಾಲ್ಕನಿಯಲ್ಲೇ ನಿಲ್ಲುವಳು. ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳಲು ಅವಳಿಗೆ ಭಯವಿತ್ತು.

ಒಂದು ಸಂಜೆ, ಯಾವ ಪೀಠಿಕೆಯೂ ಇಲ್ಲದೆ ಅವಳೇ ಹೇಳಿದಳು.

“ನನಗೆ ಡಿವೋರ್ಸ್ ಆಗಿದೆ. ಪ್ರತಾಪ್ ಅಂತ. ಕೆಟ್ಟವನಲ್ಲ... ಹೊಡೀಲಿಲ್ಲ, ಬೈಲಿಲ್ಲ. ಎಲ್ಲಾನೂ ಮುಚ್ಚಿಟ್ಟ, ಅಷ್ಟೇ. ಕೆಲಸ ಹೋಗಿದ್ದನ್ನ ಮುಚ್ಚಿಟ್ಟ. ತಾನೊಬ್ಬನೇ ಕೆನಡಾಗೆ ಹೋಗೋಕೆ ಏರ್ಪಾಡು ಮಾಡ್ಕೊಂಡಿದ್ದನ್ನೂ ಮುಚ್ಚಿಟ್ಟ. ನನಗೆ ಗೊತ್ತಾಗಿದ್ದು ಅವನು ಸೂಟ್‌ಕೇಸ್ ತುಂಬೋವಾಗ. ಯಾಕೆ ಹೇಳ್ಲಿಲ್ಲ ಅಂದ್ರೆ, ನಿನಗೆ ಬೇಜಾರಾಗುತ್ತೆ ಅಂತ, ಅಂದ.”

ಶ್ರೀಶೈಲನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

“ಹಂಸಾ...”

“ಹ್ಞೂಂ?”

ಅವನ ತುಟಿ ಅಲುಗಿತು. ಹೇಳಬೇಕಾದ ಮಾತು ಗಂಟಲವರೆಗೂ ಬಂದಿತ್ತು. ಆ ಕ್ಷಣ ಹೇಳಿಬಿಟ್ಟಿದ್ದರೆ ಈ ಕಥೆಯ ಅರ್ಧ ನೋವು ಇರುತ್ತಿರಲಿಲ್ಲ. ಆದರೆ ಅವಳ ಕಣ್ಣಲ್ಲಿ ನೀರು ನಿಂತಿತ್ತು, ಅವನಿಗೆ ಧೈರ್ಯ ಸಾಲಲಿಲ್ಲ.

“ಏನಿಲ್ರಿ. ಅವಲಕ್ಕಿ ಛಲೋ ಆಗಿತ್ತು.”

*

ದೀಪಾವಳಿಗೆ ಹಂಸಾ ಮತ್ತೆ ಲಿಟಲ್ ಎಲ್ಮ್‌ಗೆ ಹೋದಳು. ಅಲ್ಲೇ ಫ್ರಿಸ್ಕೋ ಹತ್ತಿರ ಮನೆಯಿದ್ದ ಶ್ರೀಶೈಲನನ್ನು ಊಟಕ್ಕೆ ಕರೆಯಬೇಕು, ಚಿಕ್ಕಮ್ಮನಿಗೆ ಏನೋ ಒಂದನ್ನು ಮೆಲ್ಲಗೆ ಹೇಳಬೇಕು ಎಂದೆಲ್ಲ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು.

ಕಾರಿನಿಂದ ಇಳಿಯುವಾಗಲೇ ಗುಡುಗುಡು ಸದ್ದು ಕೇಳಿಸಿತು.

ಹಿತ್ತಿಲಿಗೆ ಓಡಿದಳು. ಬಯಲಿನ ಸುತ್ತ ಬೇಲಿ ಬಿದ್ದಿತ್ತು. ಬೇಲಿಯ ಬಳಿಯ ಹುಲ್ಲೆಲ್ಲ ಎದ್ದುಹೋಗಿ ಕರಿಮಣ್ಣು ಮಗುಚಿ ಬಿದ್ದಿತ್ತು. ಹಳದಿ ಬುಲ್‌ಡೋಜರ್ ಹಿಂದೆ ಮುಂದೆ ಓಡುತ್ತಿತ್ತು. ಅದರ ಮುಂದೆ, ಕಿತ್ತಳೆ ಬಣ್ಣದ ಕೋಟು, ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ಸುತ್ತಿದ ನಕ್ಷೆ ಹಿಡಿದು, ಡ್ರೈವರನಿಗೆ ಕೈ ಬೀಸಿ ದಾರಿ ತೋರಿಸುತ್ತಿದ್ದವನು...

ಶ್ರೀಶೈಲ್.

ಅವನ ಕೋಟಿನ ಬೆನ್ನಿನ ಮೇಲೆ, ಬೇಲಿಗೆ ಹೊಡೆದ ಬೋರ್ಡಿನ ಮೇಲಿದ್ದ ಬಿಲ್ಡರ್ ಕಂಪನಿಯ ಹೆಸರೇ ಇತ್ತು.

ಹಂಸಾ ಬೇಲಿಯವರೆಗೂ ನಡೆದಳು. ಅವನು ತಿರುಗಿದ. ನೋಡಿದ. ಓಡಿ ಬಂದ.

“ಹಂಸಾ, ಒಂದು ನಿಮಿಷ ಕೇಳ್ರಿ...”

“ಇದು ನಿಮ್ಮ ಕಂಪನೀನಾ?”

“ನಾ ಕೆಲಸ ಮಾಡೂ ಕಂಪನಿ. ಆದ್ರ...”

“ಮೊದಲ ದಿನದಿಂದ ಗೊತ್ತಿತ್ತಾ?”

ಅವನು ತಲೆ ತಗ್ಗಿಸಿದ. “ಗೊತ್ತಿತ್ತು.”

“ನಾಲ್ಕು ಹೂವು ಕುಯ್ದಿದ್ದಕ್ಕೆ ನನ್ನ ಅಪರಾಧಿ ಹಾಗೆ ನೋಡಿದ್ರಲ್ಲ! ನೀವು ಇಡೀ ಬಯಲನ್ನೇ...” ಅವಳ ದನಿ ಒಡೆಯಿತು. “ನಮ್ಮನೇಲಿ ಕೂತು ಊಟ ಮಾಡಿದ್ರಿ. ನನ್ನ ಕಥೆಯೆಲ್ಲಾ ಕೇಳಿದ್ರಿ. ಒಂದು ಸಲ, ಒಂದೇ ಒಂದು ಸಲ ಹೇಳೋಕೆ ಆಗ್ಲಿಲ್ವಾ?”

“ಹೇಳಿದ್ರ ನಿಮಗ ಬ್ಯಾಸರಾಗ್ತದ ಅಂತ...”

ಆ ಮಾತು ಬಾಯಿಂದ ಹೊರಬಿದ್ದ ಕ್ಷಣವೇ ಅದು ಯಾರ ಮಾತೆಂದು ಅವನಿಗೂ ತಿಳಿಯಿತು.

ಹಂಸಾ ಒಂದು ಹೆಜ್ಜೆ ಹಿಂದೆ ಸರಿದಳು.

“ಸಾಕು ಶ್ರೀಶೈಲ್. ಈ ಮಾತನ್ನ ನಾನು ಒಂದು ಸಲ ಕೇಳಿದ್ದೆ. ಇನ್ನೊಂದು ಸಲ ಕೇಳೋ ಶಕ್ತಿ ನನಗಿಲ್ಲ.”

ಅವಳು ಹಣತೆ ಹಚ್ಚಲೂ ನಿಲ್ಲಲಿಲ್ಲ. ಚಿಕ್ಕಮ್ಮ ಬೇಡ ಬೇಡವೆಂದರೂ ಕೇಳದೆ ಬಂದ ದಾರಿಯಲ್ಲೇ ಮರಳಿದಳು.

*

ಡಬ್ಬಿಗಳನ್ನೆಲ್ಲ ಕಸದ ಚೀಲಕ್ಕೆ ಸುರಿಯಬೇಕೆಂದು ಅವಳು ಚೀಲವನ್ನೂ ಬಿಡಿಸಿ ಹಿಡಿದಿದ್ದಳು.

ಆದರೆ ಸಸಿಗಳು ಆಗ ಬೇಳೆಯಷ್ಟು ಅಗಲದ ಎಲೆ ಬಿಟ್ಟು, ನೆಲಕ್ಕಂಟಿ ಪುಟ್ಟ ಚಕ್ರಗಳಂತೆ ಕೂತಿದ್ದವು. ‘ಇವು ಏನು ತಪ್ಪು ಮಾಡಿದಾವೆ?’ ಚೀಲವನ್ನು ಮಡಿಸಿ ಒಳಗಿಟ್ಟಳು.

ಡಿಸೆಂಬರಿನಲ್ಲಿ ಕುತ್ತು ಬಂತು. ಒಂದು ಡಬ್ಬಿಯ ಸಸಿಗಳೆಲ್ಲ ಬುಡದಲ್ಲಿ ಕಪ್ಪಾಗಿ, ದಾರ ಕಡಿದಂತೆ ಮಲಗಿಬಿಟ್ಟಿದ್ದವು. ಮರುದಿನ ಪಕ್ಕದ ಡಬ್ಬಿ. ಫೋನು ಕೈಗೆತ್ತಿಕೊಂಡಳು. ಅವನನ್ನು ಕೇಳಿದರೆ ಥಟ್ಟನೆ ಹೇಳುತ್ತಿದ್ದ... ಇಲ್ಲ. ಕೇಳಲಾರೆ.

ತಾನೇ ಹುಡುಕಿದಳು, ಓದಿದಳು. ಇದು ಬೂಷ್ಟಿನ ಕಾಟ. ಮುಚ್ಚಳ ತೆಗೆದಳು, ಸಣ್ಣ ಫ್ಯಾನ್ ಹಚ್ಚಿಟ್ಟಳು. ಪಲಾವಿಗೆಂದು ಇಟ್ಟಿದ್ದ ಚಕ್ಕೆಯನ್ನು ನುಣ್ಣಗೆ ಪುಡಿ ಮಾಡಿ ಮಣ್ಣಿನ ಮೇಲೆ ಉದುರಿಸಿದಳು. ಮನೆಯೆಲ್ಲ ಮದುವೆ ಮನೆಯ ಅಡುಗೆಯಂತೆ ಘಮ್ಮೆಂದಿತು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವಳಿಗೆ ನಗು ಬಂತು.

ಅರ್ಧಕ್ಕಿಂತ ಹೆಚ್ಚು ಸಸಿ ಹೋದವು. ಉಳಿದವು ಉಳಿದವು.

ಹೊಸ ವರ್ಷದ ಹೊತ್ತಿಗೆ ಅವನಿಂದ ಒಂದು ಮೆಸೇಜ್ ಬಂತು. ‘ಹೂಸ್ಟನ್‌ಗೆ ಟ್ರಾನ್ಸ್‌ಫರ್ ಆಗೇದ. ತಪ್ಪು ನನ್ನದ, ನೀವು ಸಿಟ್ಟಾಗಿದ್ದು ಸರಿ. ಸಸಿ ಆರಾಮ ಇರಲಿ. ನೀವೂ.’

ಅವಳು ಉತ್ತರಿಸಲಿಲ್ಲ. ಅಳಿಸಲೂ ಇಲ್ಲ.

ಚಳಿ ಕಳೆದ ಮೇಲೆ ಸಸಿಗಳನ್ನು ಒಂದೊಂದಾಗಿ ಚಮಚದಲ್ಲಿ ಎತ್ತಿ ಕುಂಡಗಳಿಗೆ ಹಾಕಿ ಬಾಲ್ಕನಿಯಲ್ಲಿಟ್ಟಳು. ವಸಂತ ಬಂದರೂ ಅವು ಬೆಳೆಯುವ ಲಕ್ಷಣ ಕಾಣಲಿಲ್ಲ. ಆಮೇಲೊಂದು ವಾರ, ಯಾರೋ ಹೇಳಿ ಕಳಿಸಿದಂತೆ, ನಡುವಿನಿಂದ ಬೂದು-ಹಸಿರು ಕಾಂಡಗಳು ನೆಟ್ಟಗೆ ಎದ್ದವು.

ಜೂನಿನಲ್ಲಿ ಮೊದಲ ಮೊಗ್ಗು ಬಿರಿಯಿತು.

ಕೊಡೆ ಬಿಚ್ಚಿದಂತೆ ಸುತ್ತಿದ ಎಸಳುಗಳು ನಿಧಾನವಾಗಿ ಸಡಿಲವಾಗಿ, ನೀಲಿ ಬಟ್ಟಲು ಪೂರ್ತಿ ತೆರೆದುಕೊಂಡಿತು. ಹಂಸಾ ಬಾಲ್ಕನಿಯ ನೆಲದ ಮೇಲೆ ಕೂತು ಅತ್ತಳು. ಅದು ದುಃಖದ ಅಳುವಲ್ಲ. ತನ್ನ ಕೈಯಲ್ಲಿ ಒಂದು ಜೀವ ಉಳಿದು, ಬೆಳೆದು, ಹೂವಾಗಿತ್ತು. ‘ನನ್ನ ಕೈಗೂ ಇದು ಬರುತ್ತೆ ಅಂತ ಮೊದಲು ನಂಬಿದ್ದು ಯಾರು?’

ಉತ್ತರ ಗೊತ್ತಿತ್ತು. ಸಿಟ್ಟು ಎಷ್ಟೇ ಇದ್ದರೂ, ಆ ಒಂದು ಋಣವನ್ನು ಅವಳ ಮನಸ್ಸು ಅಲ್ಲಗಳೆಯಲಿಲ್ಲ.

*

“ನೀನು ಈ ವಾರಾನೇ ಬರಬೇಕು. ಏನೂ ಕೇಳಬೇಡ, ಬಾ,” ಎಂದರು ಚಿಕ್ಕಮ್ಮ ಫೋನಿನಲ್ಲಿ.

ಆ ಬಯಲನ್ನು ಮತ್ತೆ ನೋಡಲು ಹಂಸಾಳಿಗೆ ಇಷ್ಟವಿರಲಿಲ್ಲ. ಚಿಕ್ಕಮ್ಮ ಕೈಹಿಡಿದು ಎಳೆದುಕೊಂಡೇ ಹೋದರು. ಹೊಸ ರಸ್ತೆ, ಅರ್ಧ ಎದ್ದ ಮನೆಗಳ ಮರದ ಚೌಕಟ್ಟುಗಳು, ಸಿಮೆಂಟಿನ ಧೂಳು. ಅವೆಲ್ಲ ದಾಟಿ ತಗ್ಗಿನ ಮೂಲೆಗೆ ಬಂದಾಗ ಹಂಸಾಳ ಕಾಲು ನಿಂತುಹೋಯಿತು.

ಅಲ್ಲಿ ಮಳೆನೀರು ಇಂಗುವ ಕೊಳವೊಂದನ್ನು ತೋಡಿದ್ದರು. ಕೊಳದ ಒಂದು ಮಗ್ಗುಲಿಗೆ, ಹಗ್ಗ ಕಟ್ಟಿದ ಜಾಗದಲ್ಲಿ, ಹಳೆಯ ಹುಲ್ಲು ಹಾಗೆಯೇ ಇತ್ತು. ಹುಲ್ಲಿನ ನಡುವೆ ಬ್ಲೂಬೆಲ್‌ಗಳು ಗಾಳಿಗೆ ತಲೆದೂಗುತ್ತಿದ್ದವು!

“ಚಿಕ್ಕಮ್ಮಾ... ಇದು ಹೇಗೆ?”

“ಮೊನ್ನೆ ಬಡಾವಣೆಯವರ ಮೀಟಿಂಗ್‌ಗೆ ಹೋಗಿದ್ದೆ. ಈಗ ಬಂದಿರೋ ಎಂಜಿನಿಯರ್‌ನ ಕೇಳ್ದೆ, ಈ ಮೂಲೆ ಯಾಕೆ ಬಿಟ್ಟಿದೀರಿ ಅಂತ. ಕಂಪನಿಯವರ ಮೊದಲ ನಕ್ಷೆಯಲ್ಲಿ ಇಲ್ಲೇ ಮನೆಗಳಿದ್ವಂತೆ. ನಿನ್ನ ಶ್ರೀಶೈಲ್ ಕೊಳಾನ ಈ ಕಡೆಗೆ ತಿರುಗಿಸಿ ಬೇರೆ ನಕ್ಷೆ ಬರೆದನಂತೆ. ತಿಂಗಳುಗಟ್ಟಲೆ ಹೋರಾಡಿದಾನೆ. ಮೇಲಿನವರಿಗೆ ಇಷ್ಟ ಆಗಿಲ್ಲ. ಕೊನೆಗೆ ಒಪ್ಪಿದಾರೆ... ಅವನನ್ನ ಮಾತ್ರ ಇಲ್ಲಿಂದ ಎತ್ತಿ ಹೂಸ್ಟನ್‌ಗೆ ಹಾಕಿದಾರೆ.”

“ಅವತ್ತು ದೀಪಾವಳಿಗೆ...”

“ಅವತ್ತು ಬುಲ್‌ಡೋಜರ್‌ನವನಿಗೆ ಈ ಮೂಲೆ ಮುಟ್ಟಬೇಡ ಅಂತ ಗುರುತು ತೋರಿಸ್ತಾ ಇದ್ನಂತೆ ಕಣೇ. ಒಪ್ಪಿಗೆ ಇನ್ನೂ ಬಂದಿರ್ಲಿಲ್ಲ. ಆದ್ರೂ ತನ್ನ ಜವಾಬ್ದಾರಿ ಮೇಲೆ ನಿಲ್ಲಿಸಿದಾನೆ.”

ಹಂಸಾ ಹಗ್ಗದ ಪಕ್ಕದಲ್ಲಿ ಕೂತಳು.

“ಹಾಗಂತ ಅವನು ಮುಚ್ಚಿಟ್ಟಿದ್ದು ಸರಿ ಅಂತ ನಾನು ಹೇಳಲ್ಲ,” ಚಿಕ್ಕಮ್ಮ ಅವಳ ತಲೆ ಸವರಿದರು. “ಅದು ತಪ್ಪೇ. ಆದ್ರೆ ಪುಟ್ಟೀ, ಪ್ರತಾಪ್ ಮುಚ್ಚಿಟ್ಟಿದ್ದು ನಿನ್ನ ಬಿಟ್ಟು ಹೋಗೋಕೆ. ಇವನು?”

*

ಮರುದಿನ ಭಾನುವಾರ ಫ್ಲೂಗರ್‌ವಿಲ್‌ಗೆ ಮರಳಿದವಳು, ಸೋಮವಾರ ರಜೆ ಹಾಕಿ, ಹೂಬಿಟ್ಟ ಕುಂಡವೊಂದನ್ನು ಪಕ್ಕದ ಸೀಟಿನಲ್ಲಿಟ್ಟು ಬೆಲ್ಟ್ ಬಿಗಿದು, ಹೂಸ್ಟನ್ ದಾರಿ ಹಿಡಿದಳು. ವಿಳಾಸವನ್ನು ಚಿಕ್ಕಮ್ಮನೇ ಆ ಹೊಸ ಎಂಜಿನಿಯರ್‌ನಿಂದ ಕೇಳಿ ಕೊಟ್ಟಿದ್ದರು. ನಡುದಾರಿಯ ಬ್ರೆನಮ್ ಊರು ದಾಟುವವರೆಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿದಳು. ಹೂಸ್ಟನ್ನಿನ ಕಟ್ಟಡಗಳು ಕಾಣುವ ಹೊತ್ತಿಗೆ ಎಲ್ಲ ಮರೆತುಹೋಗಿತ್ತು.

ಸಂಜೆ ಅವನ ಮನೆಯ ಬಾಗಿಲು ತೆರೆದದ್ದು ಇಳಕಲ್ ಸೀರೆಯುಟ್ಟ, ಬೆಳ್ಳಿ ಕೂದಲಿನ ಹೆಂಗಸು.

“ಯಾರವ್ವಾ ನೀ?”

“ನಮಸ್ಕಾರಮ್ಮ... ಶ್ರೀಶೈಲ್ ಇದಾರಾ?”

ಆಕೆಯ ಕಣ್ಣು ಕುಂಡದ ಮೇಲೆ ಬಿತ್ತು. ಮುಖವೆಲ್ಲ ಅರಳಿತು.

“ನೀ ಹಂಸಾ ಹೌದಿಲ್ಲೋ? ಬಾ ಬಾ, ಒಳಗ ಬಾ! ನಾ ಲಲಿತಮ್ಮ, ಅವನ ಅವ್ವ. ಬಂದು ತಿಂಗಳಾತು. ನಿನ್ನ ಸಸಿ ಸುದ್ದಿ ಕೇಳಿ ಕೇಳಿ ನನ್ನ ಕಿವಿ ತೂತಾಗ್ಯಾವ!”

“ನನ್ನ ಸಸಿ ಸುದ್ದೀನಾ? ನಾನು ಅವರ ಹತ್ರ ಮಾತಾಡಿ ಎಷ್ಟೋ ತಿಂಗಳಾಯ್ತಲ್ಲ...”

“ಅದ ಸುದ್ದಿ! ಈಗ ಎಷ್ಟು ಎಲಿ ಬಿಟ್ಟಿರಬೇಕು, ಈಗ ಮೊಗ್ಗು ಬಂದಿರಬೇಕು ಅಂತ ಒಬ್ಬಾವ ಲೆಕ್ಕ ಹಾಕ್ತಾನ. ಫೋನ್ ಮಾಡಿ ಕೇಳೋ ಅಂದ್ರ, ಕೇಳೂ ಹಕ್ಕು ನನಗಿಲ್ಲ ಅವ್ವಾ ಅಂತಾನ.”

ಲಲಿತಮ್ಮ ಅವಳನ್ನು ಕೂರಿಸಿ, ಜೋಳದ ರೊಟ್ಟಿ, ಎಣಗಾಯಿ, ಮೊಸರು ತಂದಿಟ್ಟರು. “ಅವ ಬರೂತನಕ ಉಣ್ಣು. ಉಪವಾಸ ಕೂತು ಮಾತಾಡಿದ್ರ ಜಗಳಾಗ್ತಾವ,” ಎಂದರು.

ರೊಟ್ಟಿ ಮುರಿಯುವಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು. ಶ್ರೀಶೈಲ್ ಒಳಗೆ ಕಾಲಿಟ್ಟವನು ಅಲ್ಲೇ ಕಲ್ಲಾದ. ಬಡವಾಗಿದ್ದ. ಕಣ್ಣು ಮೊದಲು ಅವಳನ್ನು ನೋಡಿತು, ಆಮೇಲೆ ಹೂವನ್ನು, ಮತ್ತೆ ಅವಳನ್ನು.

“ನಾ ದೇವರ ಕೋಣ್ಯಾಗ ಇರ್ತೀನಿ,” ಎಂದು ಲಲಿತಮ್ಮ ಸೆರಗು ಸರಿಮಾಡಿಕೊಂಡು ಎದ್ದರು. ಆ ಅಪಾರ್ಟ್‌ಮೆಂಟಿನಲ್ಲಿ ದೇವರ ಕೋಣೆಯೇ ಇರಲಿಲ್ಲ. ಅಡುಗೆಮನೆಯ ಕಪಾಟಿನ ಮುಂದೆ ಬೆನ್ನು ತಿರುಗಿಸಿ ನಿಂತರು, ಅಷ್ಟೇ.

ಕುಂಡವನ್ನೂ ಎತ್ತಿಕೊಂಡು ಇಬ್ಬರೂ ಬಾಲ್ಕನಿಗೆ ಬಂದರು.

“ಕೊಳದ ಮೂಲೆ ನೋಡಿದೆ,” ಎಂದಳು ಹಂಸಾ.

ಅವನು ತಟ್ಟನೆ ಅವಳತ್ತ ತಿರುಗಿದ.

“ಯಾಕೆ ಹೇಳ್ಲಿಲ್ಲ ಅಂತ ಕೇಳಲ್ಲ. ಆದ್ರೆ ಅವತ್ತು ನಿಮ್ಮ ಮಾತು ಪೂರ್ತಿ ಕೇಳದೆ ಹೋದೆ, ಅದು ನನ್ನ ತಪ್ಪು. ಥ್ಯಾಂಕ್ಸ್ ಹೇಳೋಕೆ ಬಂದೆ. ಆ ಮೂಲೆಗೆ, ಈ ಹೂವಿಗೆ. ನನ್ನ ಕೈ ಮೇಲೆ ನನಗಿಂತ ಮೊದಲು ನೀವು ನಂಬಿಕೆ ಇಟ್ಟಿದ್ದಕ್ಕೆ.”

“ಥ್ಯಾಂಕ್ಸ್ ನಾ ಹೇಳಬೇಕ್ರಿ.” ಅವನು ಬಾಲ್ಕನಿಯ ಕಂಬಿ ಹಿಡಿದುಕೊಂಡ. “ಒಪ್ಪಿಗಿ ಬಂದ ಮ್ಯಾಲೆ, ಎಲ್ಲಾ ಸುದ್ದಿ ಛಲೋ ಆದ ಮ್ಯಾಲೆ ಹೇಳೂಣು ಅನ್ಕೊಂಡಿದ್ದೆ. ಅರ್ಧಂಬರ್ಧ ಸುದ್ದಿ ಹೇಳಿದ್ರ ನೀವು ನನ್ನನ್ನ ಬಿಟ್ಟು ಹೋಗ್ತೀರಿ ಅಂತ ಹೆದರಿದ್ದೆ. ನಿಮಗ ಬ್ಯಾಸರಾಗ್ತದ ಅಂದದ್ದು ಸುಳ್ಳು, ಹಂಸಾ. ಹೆದರಿಕಿ ನನ್ನದು. ಇನ್ನ ಮುಂದ ಕೆಟ್ಟ ಸುದ್ದಿ ಇದ್ರ ಮೊದಲು ಅದನ್ನ ಹೇಳ್ತೀನಿ.”

“ಹಾಗಾದ್ರೆ ಈಗಲೇ ಶುರು ಮಾಡಿ. ಏನಾದ್ರೂ ಇದೆಯಾ?”

“ಅದ.” ಅವನು ಕೆನ್ನೆ ಕೆರೆದುಕೊಂಡ. “ನಾ ಇಲ್ಲಿ ಹಾಕಿದ ಸಸಿ ಎಲ್ಲಾ ಸತ್ತು ಹೋದ್ವು. ಒಂದೂ ಉಳೀಲಿಲ್ಲ. ಬೂಷ್ಟು.”

ಹಂಸಾ ಅವನತ್ತ ನೋಡಿದಳು. ಮರುಕ್ಷಣ ಹೊಟ್ಟೆ ಹಿಡಿದು ನಕ್ಕಳು. ಎಷ್ಟು ತಿಂಗಳಿಂದ ಒಳಗೆ ಗಟ್ಟಿಯಾಗಿ ಕೂತಿದ್ದದ್ದೆಲ್ಲ ಆ ನಗುವಿನಲ್ಲಿ ಕರಗಿ ಕಣ್ಣೀರಾಗಿ ಹರಿಯಿತು.

“ಚಕ್ಕೆ ಪುಡಿ ಹಾಕ್ಬೇಕು! ಗೊತ್ತಿಲ್ವಾ ನಿಮಗೆ?”

“ಚಕ್ಕಿ? ಪಲಾವ್ ಚಕ್ಕಿ? ಯಾರು ಹೇಳಿದ್ರು?”

“ನಾನೇ ಕಲ್ತೆ.”

ಅವನು ಅವಳನ್ನೇ ನೋಡಿದ. ಆ ನೋಟದಲ್ಲಿದ್ದ ಹೆಮ್ಮೆಗೆ ಅವಳ ಕೆನ್ನೆ ಕೆಂಪಾಯಿತು.

“ಇನ್ನೊಂದು ಸುದ್ದಿ ಅದ,” ಎಂದ ಅವನು ಮೆಲ್ಲಗೆ. “ಇದು ಒಳ್ಳೇದೋ ಕೆಟ್ಟದ್ದೋ ನೀವ ಹೇಳಬೇಕು. ನಾ ನಿಮ್ಮನ್ನ ಪ್ರೀತಿಸ್ತೀನಿ. ಭಾಳ ದಿನದಿಂದ.”

ಕೆಳಗೆ ರಸ್ತೆಯಲ್ಲಿ ಕಾರುಗಳು ಹೋಗುತ್ತಲೇ ಇದ್ದವು. ಹಂಸಾ ಕಂಬಿಯ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು.

“ಒಳ್ಳೇ ಸುದ್ದಿ,” ಎಂದಳು. “ಸ್ವಲ್ಪ ಲೇಟಾಗಿ ಬಂತು, ಅಷ್ಟೇ.”

“ನಿಮ್ಮ ಕಡೆಯಿಂದ ಏನರೆ ಸುದ್ದಿ ಅದ ಏನು?”

“ಇದೆ. ಅದೇ ಸುದ್ದಿ.”

ಅವನು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರುಬಿಟ್ಟ. ಅಡುಗೆಮನೆಯಿಂದ ಮೂಗು ಸೀಟುವ ಸದ್ದು ಕೇಳಿಸಿತು.

“ಅವ್ವಾ, ಅಳಬ್ಯಾಡ!”

“ಯಾರಳ್ತಾರೋ! ಉಳ್ಳಾಗಡ್ಡಿ ಹೆಚ್ಚಲಿಕ್ಹತ್ತೀನಿ!”

ಇಬ್ಬರೂ ನಕ್ಕರು. ಹಂಸಾ ಅವನ ಭುಜಕ್ಕೆ ಮೆಲ್ಲಗೆ ತಲೆ ಆನಿಸಿದಳು.

“ಶ್ರೀಶೈಲ್, ಈ ಗಿಡ ಬೀಜ ಕಟ್ಟಿದ ಮೇಲೆ ಏನಾಗುತ್ತೆ?”

“ಖರೇ ಹೇಳಲೇನು? ಕೆಲವು ಒಣಗಿ ಹೋಗ್ತಾವ. ಕೆಲವು ಬುಡದಿಂದ ಮತ್ತ ಚಿಗುರ್ತಾವ. ಯಾವುದು ಅಂತ ಗ್ಯಾರಂಟಿ ಇಲ್ಲ.”

“ಗ್ಯಾರಂಟಿ ನಾನು ಕೇಳ್ಲಿಲ್ಲ. ಜೊತೇಲಿ ಕೂತು ಕಾಯೋಕೆ ಒಬ್ಬರು ಬೇಕಿತ್ತು.”

“ಇದ್ದೀನಲ್ಲ,” ಎಂದ ಅವನು.